ಎರಡನೇ ಸ್ಪ್ಯಾನರ್

ನನ್ನ ಅಣ್ಣನ ಎಡಗೈಯಲ್ಲಿ ಇದ್ದದ್ದು ಮೂರೇ ಬೆರಳು. ಹೆಬ್ಬೆರಳು, ತೋರುಬೆರಳು, ಕಿರುಬೆರಳು. ನಡುವಿನ ಎರಡು ಬೆರಳುಗಳಿದ್ದ ಜಾಗದಲ್ಲಿ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕೈಯೆಲ್ಲ ಗ್ರೀಸ್ ಮೆತ್ತಿಕೊಂಡು ಕಪ್ಪಾಗಿದ್ದರೂ ಆ ಜಾಗಕ್ಕೆ ಮಾತ್ರ ಕಪ್ಪು ಅಂಟುತ್ತಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಹೋದ ಬೆರಳುಗಳು ಅವು. ಹೊಸಬರು ಯಾರಾದರೂ ಕೇಳಿದರೆ, "ಬೆಲ್ಲ ಮಾಡ್ಬುಟ್ರು ಕಣಣ್ಣ, ಯಾವ್ ಪುಣ್ಯಾತ್ಮ ತಿಂದ್ನೋ ಕಾಣೆ" ಎಂದು ನಗುತ್ತಿದ್ದ. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಟೀ ಲೋಟದ ಕಡೆ ನೋಡುತ್ತಿದ್ದರು.

ಆ ಕೈಯಲ್ಲಿ ಬೀಡಿ ಹಿಡಿಯಬಹುದಿತ್ತು, ಲೋಟ ಹಿಡಿಯಬಹುದಿತ್ತು. ಬಿಗಿಯಾಗಿ ಸ್ಪ್ಯಾನರ್ ಹಿಡಿಯಲು ಆಗುತ್ತಿರಲಿಲ್ಲ. ಅಂಥವನು ಗದ್ದೆ ಕೆಲಸ ಬಿಟ್ಟು ಕಾರು ರಿಪೇರಿ ಕಲಿತ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕ, ನಮ್ಮ ಮನೆಯ ಹಿತ್ತಲಿಗೆ ಅಂಟಿಕೊಂಡ ಹಾಗೆ ಒಂದು ತಗಡಿನ ಶೆಡ್ಡು ಹಾಕಿಕೊಂಡ. ಶೆಡ್ಡಿನ ನಡುವೆ ನೆಲ ಅಗೆದು, ಇಟ್ಟಿಗೆ ಕಟ್ಟಿ, ಆಳೆತ್ತರದ ಗುಂಡಿ ಮಾಡಿಸಿದ. ಕಾರನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದರೆ, ಒಳಗೆ ಇಳಿದು ನಿಂತು ಕಾರಿನ ಹೊಟ್ಟೆಗೆ ಕೈ ಹಾಕಬಹುದು. ಗುಂಡಿ ಎಷ್ಟು ಇಕ್ಕಟ್ಟೆಂದರೆ ಇಬ್ಬರು ನಿಂತರೆ ಒಬ್ಬರ ಉಸಿರು ಇನ್ನೊಬ್ಬರ ಮುಖಕ್ಕೆ ತಾಗುತ್ತದೆ. ತಲೆಯ ಮೇಲೆ ಕಾರು ಮುಚ್ಚಳದ ಹಾಗೆ ಕೂತಿರುತ್ತದೆ. ಆ ಗುಂಡಿಯಲ್ಲಿ ಅವನ ಎದುರಿಗೆ ವರ್ಷಗಟ್ಟಲೆ ನಿಂತವಳು ನಾನು, ಅವನ ತಂಗಿ.

ನಾನು ಓದಿದ್ದು ಏಳನೇ ತರಗತಿ. ಪೂರಿಗಾಲಿ ಎಂಬ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ಮದುವೆಯಾದ ನಾಲ್ಕನೇ ವರ್ಷ ಗಂಡ ಕಾಮಾಲೆಯಲ್ಲಿ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಅಣ್ಣ ಬಂದು ನನ್ನ ಟ್ರಂಕನ್ನು ತಾನೇ ಹೆಗಲ ಮೇಲೆ ಹೊತ್ತು ಬಸ್ಸಿಗೆ ಹಾಕಿದ.  ಮನೆ ಬಾಗಿಲಲ್ಲಿ ಟ್ರಂಕು ಇಳಿಸಿ, "ಅತ್ತಿಗೆಗೆ ಒಲೆ ಮುಂದೆ ವಸಿ ಸಾಯ ಮಾಡು ಅಮ್ಮಿ. ಬೇಕಾದಾಗ ನಂಗೂ ಸ್ಪ್ಯಾನರ್ ಇಡ್ಕೊಡೀವಂತೆ" ಎಂದ. ನನ್ನನ್ನು ಅವನು ಅಮ್ಮಿ ಎಂದೇ ಕರೆಯುತ್ತಿದ್ದದ್ದು. ಅವನು ನನ್ನಿಂದ ಕೇಳಿದ್ದು ಅಷ್ಟೇ. ಆ ಮನೆಯಲ್ಲಿ ನಾನು ಉಂಡ ಅನ್ನಕ್ಕೆ ಬೇರೆ ಯಾವ ಬೆಲೆಯನ್ನೂ ಅವನು ಕೇಳಲಿಲ್ಲ.

ಸ್ಪ್ಯಾನರ್ ಹಿಡಿಯುವುದು ಎಂದರೆ ಏನು ಎಂದು ಹೇಳದಿದ್ದರೆ ನನ್ನ ತಪ್ಪು ಯಾರಿಗೂ ಅರ್ಥವಾಗುವುದಿಲ್ಲ. ಹಳೆಯ ಪೆಟ್ರೋಲ್ ಕಾರುಗಳಲ್ಲಿ, ಹಿಂದಿನ ಚಕ್ರದ ಹತ್ತಿರ, ಹೊಟ್ಟೆಯ ಅಡಿಯಲ್ಲಿ ಲೋಟದಷ್ಟು ದಪ್ಪದ ಒಂದು ತಗಡಿನ ಡಬ್ಬಿ ಇರುತ್ತದೆ. ಪೆಟ್ರೋಲಿನ ಕಸ ಸೋಸುವ ಫಿಲ್ಟರ್ ಅದು. ಅದರ ಎರಡು ತುದಿಗೂ ಪೈಪು ಕೂಡಿಸಿ ನಟ್ಟು ಹಾಕಿರುತ್ತಾರೆ. ಮಳೆ, ಕೆಸರು, ಧೂಳು ತಿಂದು ತಿಂದು ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಒಂದೇ ಸ್ಪ್ಯಾನರ್ ಹಾಕಿ ತಿರುಗಿಸಿದರೆ ನಟ್ಟಿನ ಜೊತೆ ಡಬ್ಬಿಯೂ ತಿರುಗುತ್ತದೆ. ಪೈಪು ಹುರಿ ಹೊಸೆದ ಹಾಗೆ ತಿರುಚಿ ಸೀಳುತ್ತದೆ. ಅದಕ್ಕೇ ಎರಡು ಸ್ಪ್ಯಾನರ್ ಬೇಕು. ಒಂದು ಡಬ್ಬಿಯ ಕತ್ತನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಟ್ಟನ್ನು ತಿರುಗಿಸಲು. ಎರಡು ಕೈಯೂ ನೆಟ್ಟಗಿರುವವನು ಒಬ್ಬನೇ ಮಾಡಿಬಿಡುತ್ತಾನೆ. ನಮ್ಮ ಅಣ್ಣನಿಗೆ ಎರಡನೇ ಸ್ಪ್ಯಾನರ್ ಹಿಡಿಯಲು ಇನ್ನೊಬ್ಬರು ಬೇಕು.

ಕಚ್ಚಿಕೊಂಡ ನಟ್ಟನ್ನು ಬಿಡಿಸುವುದರಲ್ಲಿ ಅವನಿಗೆ ಇದ್ದ ತಾಳ್ಮೆ ನಾನು ಬೇರೆ ಯಾರಲ್ಲೂ ಕಂಡಿಲ್ಲ. ಬೇರೆ ಬೋಲ್ಟುಗಳಿಗೆ ಬೆಂಕಿ ತೋರಿಸಿ ಸಡಿಲ ಮಾಡಬಹುದು, ಪೆಟ್ರೋಲ್ ಪೈಪಿನ ಹತ್ತಿರ ಬೆಂಕಿ ತರುವಂತಿಲ್ಲ. ಮೊದಲ ದಿನ ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜುತ್ತಿದ್ದ. ಡೀಸೆಲ್ಲು, ಎಣ್ಣೆ ಬೆರೆಸಿ ಹಳೆ ಬನಿಯನ್ ಚೂರನ್ನು ಅದರಲ್ಲಿ ಅದ್ದಿ ನಟ್ಟಿಗೆ ಸುತ್ತುತ್ತಿದ್ದ, ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿದ ಹಾಗೆ. ಮರುದಿನ ಸಣ್ಣ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟುತ್ತಿದ್ದ. ಮತ್ತೆ ಎಣ್ಣೆ. ಮೂರನೇ ದಿನ ಸ್ಪ್ಯಾನರ್ ಹಾಕುವುದು. ಆಗಲೂ ನೇರವಾಗಿ ಬಿಚ್ಚಲು ಹೋಗುತ್ತಿರಲಿಲ್ಲ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡುತ್ತಿದ್ದ. "ಬಿಚ್ತೀನಿ ಅಂತ ಗೊತ್ತಾದ್ರೆ ಇನ್ನೂ ಕಚ್ಕತದೆ ಕಣಮ್ಮಿ. ಬುಟ್ಬುಡ್ತೀವಿ ಅನ್ನಂಗ್ ಮಾಡು, ತಾನೇ ಬತ್ತದೆ." ನಟ್ಟು ಮಿಸುಕಿದಾಗ ಕಿರ್ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಆ ಸದ್ದಿಗೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹಬ್ಬದೂಟದಲ್ಲೂ ಅವನ ಮುಖ ಅಷ್ಟು ತೃಪ್ತಿಯಾಗಿದ್ದುದನ್ನು ನಾನು ನೋಡಿಲ್ಲ.

ನನ್ನನ್ನು ಕರೆಯುವುದಕ್ಕೂ ಅವನದೇ ಒಂದು ರೀತಿ ಇತ್ತು. ಗುಂಡಿಗೆ ಕರೆಂಟು ಹೋಗಿದ್ದದ್ದು ಅಡುಗೆಮನೆಯ ಬೋರ್ಡಿನಿಂದ. ವೈರನ್ನು ಒಂದು ಕಬ್ಬಿಣದ ಪೈಪಿನೊಳಗೆ ಹಾಯಿಸಿ, ಹಿತ್ತಲ ಗೋಡೆಗುಂಟ ತಂದು ಗುಂಡಿಗೆ ಇಳಿಸಿದ್ದ. ಅದರ ತುದಿಯಲ್ಲಿ ತಂತಿ ಬಲೆಯೊಳಗೆ ಒಂದು ಹಳದಿ ಬಲ್ಬು. ಈಗಿನ ಬಿಳಿ ಬಲ್ಬು ಹಾಕಿಸಣ್ಣ ಎಂದರೆ, "ಅದ್ರಲ್ಲಿ ತುಕ್ಕಿನ್ ಬಣ್ಣ ತಿಳಿಯಾಕಿಲ್ಲ" ಎನ್ನುತ್ತಿದ್ದ. ನನ್ನ ಕೈ ಬೇಕಾದಾಗ ಗುಂಡಿಯೊಳಗಿನಿಂದಲೇ ಆ ಪೈಪಿನ ಮೇಲೆ ಸ್ಪ್ಯಾನರಿನಲ್ಲಿ ಎರಡು ಸಲ ಬಡಿಯುತ್ತಿದ್ದ. ಟಣ್, ಟಣ್. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಗೋಡೆಯಲ್ಲೇ ಆ ಸದ್ದು ಏಳುತ್ತಿತ್ತು. ನಾನು ಸೌಟಿನಿಂದ ಪೈಪಿಗೆ ಒಂದು ಸಲ ಬಡಿಯುತ್ತಿದ್ದೆ. ಬಂದೆ ಎಂದು ಅದರ ಅರ್ಥ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸದ್ದು, ಮೇಲೆ ಕಾರಿನ ಮುಚ್ಚಳ; ಗುಂಡಿಯಲ್ಲಿ ನಿಂತವನಿಗೆ ಮನೆಯ ಬೇರೆ ಸದ್ದೊಂದೂ ಕೇಳುತ್ತಿರಲಿಲ್ಲ. ಆ ಪೈಪೊಂದೇ ನಮ್ಮಿಬ್ಬರ ನಡುವೆ ಮಾತು.

ಒಂಬತ್ತು ವರ್ಷ ನಾನು ಸೌಟು ಬಡಿದು ಓಡಿದ್ದೇನೆ. ಒಲೆಯ ಮೇಲೆ ಸಾರು ಬಿಟ್ಟು ಓಡಿದ್ದೇನೆ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಅರ್ಧಕ್ಕೆ ಓಡಿದ್ದೇನೆ. ಹೊರಗಿನವರು ಬಂದು, "ಏನಮ್ಮ, ನೀನೂ ಮೆಕ್ಯಾನಿಕ್ಕಾ?" ಎಂದು ಕೇಳಿದರೆ ಅಣ್ಣ, "ಅವ್ಳು ನನ್ ಎಡಗೈ ಕಣಣ್ಣ" ಎನ್ನುತ್ತಿದ್ದ. ಅವನು ಅದನ್ನು ಅಭಿಮಾನದಿಂದಲೇ ಹೇಳುತ್ತಿದ್ದ. ನನಗೆ ಮಾತ್ರ ಬರಬರುತ್ತ ಆ ಮಾತು ಉಸಿರು ಕಟ್ಟಿಸತೊಡಗಿತು. ಕೈ ಎಂದಾದರೂ ಮೈಬಿಟ್ಟು ಎಲ್ಲಿಗಾದರೂ ಹೋದದ್ದುಂಟೆ?

ನಮ್ಮ ಬೀದಿಯ ಗೆಳತಿಯೊಬ್ಬಳು ಮದ್ದೂರಿನ ಕಡೆ ಒಂದು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಬೆಳಿಗ್ಗೆ ಎಂಟೂಕಾಲಿಗೆ ಅವರ ಬಸ್ಸು ಬರುತ್ತಿತ್ತು. ಹೆಂಗಸರೆಲ್ಲ ಹೂ ಮುಡಿದು, ಊಟದ ಡಬ್ಬಿ ಹಿಡಿದು, ನಗಾಡುತ್ತ ಹತ್ತುತ್ತಿದ್ದರು. ನಾನು ಕಸ ಹಾಕುವ ನೆಪದಲ್ಲಿ ರಸ್ತೆಗೆ ಬಂದು ಅವರನ್ನು ನೋಡುತ್ತಿದ್ದೆ. ಒಂದು ದಿನ ಗುಂಡಿಯಲ್ಲಿ ನಿಂತಿದ್ದಾಗ ಧೈರ್ಯ ಮಾಡಿ ಕೇಳಿದೆ:

"ಅಣ್ಣ, ನಾನೂ ಗಾರ್ಮೆಂಟ್ಸ್‌ಗೆ ಓಗ್ಲಾ?"

"ಓಗು. ಬ್ಯಾಡ ಅಂದೋರ್ಯಾರು?" ಎಂದ. ನಟ್ಟು ತಿರುಗಿಸುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ, "ನಿನ್ ಜಾಗ್ದಲ್ಲಿ ಒಬ್ರನ್ನ ನಿಲ್ಸ್‌ಬುಟ್ಟು ಓಗು. ನಿನ್ನಂಗೆ ಅಳ್ಳಾಡ್ದೆ ನಿಲ್ಲೋರು ಬೇಕು ಕಣಮ್ಮಿ, ಎಲ್ಲ್ ಸಿಕ್ಕಾರು" ಎಂದು ನಕ್ಕ.

ಅವನು ಬೇಡ ಎಂದಿದ್ದರೆ ಜಗಳ ಮಾಡಬಹುದಿತ್ತು. ಹೊಗಳಿ ಬೀಗ ಹಾಕಿದ. ನಾನು ಮತ್ತೆ ಆ ಮಾತು ಎತ್ತಲಿಲ್ಲ. ಅವನಿಗೆ ಹೇಳದೆ ಹೋಗುವುದೆಂದು ಒಳಗೊಳಗೇ ಗಟ್ಟಿ ಮಾಡಿಕೊಂಡೆ. ಗೆಳತಿ ಸೂಪರ್‌ವೈಸರಮ್ಮನ ಹತ್ತಿರ ಮಾತಾಡಿ, "ಗುರುವಾರ ಬಾ. ಕೈ ನೋಡ್ತಾಳೆ ಕಣೆ ಅವ್ಳು. ಬಿಳಿ ಬಟ್ಟೆ ಮುಟ್ಟೋ ಕೆಲ್ಸ. ಉಗುರ್ ಸಂದೀಲಿ ಕಪ್ಪಿದ್ರೆ ಗೇಟಲ್ಲೇ ವಾಪಸ್ ಕಳುಸ್ತಾಳೆ" ಎಂದು ಹೇಳಿದ್ದಳು.

ಅದೇ ವಾರದ ಸೋಮವಾರ ಕೊಕ್ಕರೆ ಬೆಳ್ಳೂರಿನ ಮೇಷ್ಟ್ರ ಕಾರು ಬಂತು. ಅವರು ರಿಟೈರಾದ ಹೆಡ್‌ಮೇಷ್ಟ್ರು. ಮನೆಯ ಮುಂದಿನ ಹುಣಸೆಮರದ ತುಂಬ ಕೊಕ್ಕರೆ ಗೂಡು. ಮರದ ಕೆಳಗೆ ನಿಂತು ನಿಂತು ಆ ಕಾರಿನ ಮೇಲೆಲ್ಲ ಹಿಕ್ಕೆಯ ಸುಣ್ಣ ಬಳಿದುಕೊಂಡಿತ್ತು. ಕೆಳಗಿನ ಕೊಚ್ಚೆಯ ತೇವಕ್ಕೆ ಹೊಟ್ಟೆಯೆಲ್ಲ ತುಕ್ಕು.

"ಏನ್ ಮೇಷ್ಟ್ರೇ, ಕಾರ್ನ ಕೊಕ್ಕರೆಗೆ ಬಾಡಿಗೆ ಕೊಟ್ಟಿದ್ರಾ?" ಎಂದ ಅಣ್ಣ.

"ಏನ್ ಮಾಡ್ಲಯ್ಯ, ಹೆರಿಗೆಗೆ ತವರಿಗೆ ಬಂದವರನ್ನ ಎಬ್ಬಿಸೋಕಾಗತ್ತಾ?" ಎಂದರು ಮೇಷ್ಟ್ರು. ಆಮೇಲೆ ದನಿ ತಗ್ಗಿಸಿ, "ನಮ್ಮನೆಯವರನ್ನ ವಾರಕ್ಕೆರಡು ಸಲ ಮಂಡ್ಯಕ್ಕೆ ಡಯಾಲಿಸಿಸ್‌ಗೆ ಕರ್ಕೊಂಡ್ ಹೋಗ್ಬೇಕು. ದಾರಿ ಮಧ್ಯೆ ನಿಂತ್ ಹೋಗ್ತಿದೆ. ಗುರುವಾರ ಹತ್ತು ಗಂಟೆಗೆ ಕೊಟ್ಟುಬಿಡು" ಎಂದರು.

ಫಿಲ್ಟರ್ ಕಟ್ಟಿಕೊಂಡಿತ್ತು. ನಟ್ಟುಗಳು ಕಲ್ಲಿನ ಹಾಗೆ ಕೂತಿದ್ದವು. ಅಣ್ಣ ಮಂಗಳವಾರ ಎಣ್ಣೆ ಬಟ್ಟೆ ಸುತ್ತಿದ, ಬುಧವಾರ ತಟ್ಟಿದ. ಅವೆಲ್ಲ ಅವನೊಬ್ಬನೇ ಮಾಡುವ ಕೆಲಸ. ನಾನು ಸೊಂಟ ನೋವು ಎಂದು ಹೇಳಿ ಮೂರು ದಿನ ಗುಂಡಿಯ ಹತ್ತಿರ ಸುಳಿಯಲಿಲ್ಲ. ಹುಣಸೆಹಣ್ಣು, ನಿಂಬೆ ಸಿಪ್ಪೆ, ಸೀಗೆಪುಡಿ ಹಾಕಿ ಕೈ ಉಜ್ಜಿಕೊಂಡೆ. ಉಗುರಿನ ಸಂದಿಗೆ ಬೇವಿನ ಕಡ್ಡಿ ಹಾಕಿ ಕೆರೆದುಕೊಂಡೆ. ಒಂಬತ್ತು ವರ್ಷದ ಕಪ್ಪು ಗುರುವಾರ ಬೆಳಿಗ್ಗೆಗೆ ಹೋಗಿತ್ತು.

ಅತ್ತಿಗೆ ತವರಿಗೆಂದು ಕೆರಗೋಡಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಏಳೂವರೆಗೆ ಇಡ್ಲಿ ಆಗಿತ್ತು, ಚಟ್ನಿ ಆಗಿತ್ತು. ಒಳ್ಳೆಯ ಸೀರೆ ಉಟ್ಟು, ನೆರಿಗೆ ಹಿಡಿಯುತ್ತಿದ್ದಾಗ ಗೋಡೆಯಲ್ಲಿ ಸದ್ದಾಯಿತು. ಟಣ್, ಟಣ್.

ನಾನು ನನ್ನ ಕೈ ನೋಡಿಕೊಂಡೆ. ಸೌಟು ಅಲ್ಲೇ ಇತ್ತು. ಗುಂಡಿಗೆ ಇಳಿದರೆ ತುಕ್ಕು, ಎಣ್ಣೆ, ಪೆಟ್ರೋಲ್ ನಾತ. ಎಂಟೂಕಾಲರ ಬಸ್ಸು, ಆ ಗೇಟು, ಎಲ್ಲ ಹೋದಂತೆ. ಆಗ ನಾನು ಮಾಡಿದ್ದು ಇದು: ಅರೆದಿದ್ದ ಚಟ್ನಿಯನ್ನು ಮತ್ತೆ ಜಾರಿಗೆ ಸುರಿದು ಮಿಕ್ಸಿ ಹಾಕಿದೆ. ಕೇಳಿಸಲಿಲ್ಲ ಎಂದು ಆಮೇಲೆ ಹೇಳಬಹುದಲ್ಲ ಎಂದು.

ಆ ಮಿಕ್ಸಿ ನಮ್ಮ ಮನೆಗೆ ಬಂದು ಇಪ್ಪತ್ತು ದಿನ ಆಗಿತ್ತೋ ಇಲ್ಲವೋ. ಅತ್ತಿಗೆಗೆ ಒರಳೇ ಆಗಬೇಕು, ಅವಳು ಅದನ್ನು ಮುಟ್ಟುತ್ತಿರಲಿಲ್ಲ. ಹಾಕುತ್ತಿದ್ದವಳು ನಾನೊಬ್ಬಳೇ.

ಮಿಕ್ಸಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಟಣ್, ಟಣ್. ಮತ್ತೆ ಹಾಕಿದೆ. ಮೂರನೇ ಸಲ ಅವನು ಬಡಿದಾಗ ಸದ್ದು ಮೆತ್ತಗಿತ್ತು, ಬೇಕೋ ಬೇಡವೋ ಅನ್ನುವ ಹಾಗೆ. ಮೂರನೇ ಸಲವೂ ಹಾಕಿದೆ. ಜಾರು ಬಿಸಿಯಾಗಿತ್ತು. ಚಟ್ನಿ ನೀರಾಗಿ ಮುಚ್ಚಳದ ಅಂಚಿನಿಂದ ಉಕ್ಕುತ್ತಿತ್ತು. ನನಗೆ ಕೇಳಿಸಿತ್ತು. ಮೂರು ಸಲವೂ ಚೆನ್ನಾಗಿ ಕೇಳಿಸಿತ್ತು.

ಆಮೇಲೆ ಸದ್ದಿಲ್ಲ. ಎಂಟು ಗಂಟೆಗೆ ಚೀಲ ತೆಗೆದುಕೊಂಡು ಹಿತ್ತಲ ಬಾಗಿಲು ತೆರೆದೆ. ಶೆಡ್ಡಿನಲ್ಲಿ ಕಬ್ಬಿಣ ಬಿದ್ದ ಸದ್ದಾಯಿತು. ಅದರ ಹಿಂದೆಯೇ, "ಅಮ್ಮಿ" ಎಂದು ಕರೆದ. ಅವನು ಕೂಗಲಿಲ್ಲ. ಪಕ್ಕದಲ್ಲಿ ನಿಂತವಳನ್ನು ಕರೆದ ಹಾಗೆ ಮೆಲ್ಲಗೆ ಕರೆದ.

ಮೇಷ್ಟ್ರಿಗೆ ಮಾತು ಕೊಟ್ಟಿದ್ದನಲ್ಲ. ಒಬ್ಬನೇ ಬಿಚ್ಚಲು ಹೋಗಿದ್ದ. ಎರಡನೇ ಸ್ಪ್ಯಾನರನ್ನು ಫಿಲ್ಟರಿನ ಕತ್ತಿಗೆ ಸಿಕ್ಕಿಸಿ, ಅದು ಅಲುಗದಂತೆ ಹಳೆ ಸೈಕಲ್ ಟ್ಯೂಬಿನಲ್ಲಿ ಜಗ್ಗಿ ಕಾರಿನ ಅಡಿಯ ಕಂಬಿಗೆ ಕಟ್ಟಿದ್ದ. ನಟ್ಟು ಒಮ್ಮೆಲೇ ಬಿಟ್ಟುಕೊಂಡಿತು. ಜಗ್ಗಿದ್ದ ರಬ್ಬರು ಸ್ಪ್ಯಾನರನ್ನು ಕವಣೆಕಲ್ಲಿನ ಹಾಗೆ ಎಸೆಯಿತು. ನಾನು ಬಗ್ಗಿ ನೋಡಿದಾಗ ಅವನು ಗುಂಡಿಯ ಗೋಡೆಗೆ ಒರಗಿ, ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡಿದ್ದ. ಬೆರಳಿಲ್ಲದ ಆ ಸಂದಿನಿಂದ ರಕ್ತ ಇಳಿಯುತ್ತಿತ್ತು. ಪಕ್ಕದಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

"ಮೊದ್ಲು ಸ್ವಿಚ್ ಆರ್ಸೋಗು. ಪೆಟ್ರೋಲ್ ಸುರೀತಾ ಐತೆ" ಎಂದ.

ಸ್ವಿಚ್ಚು ಅಡುಗೆಮನೆಯಲ್ಲಿ, ಮಿಕ್ಸಿಯ ಪಕ್ಕದಲ್ಲೇ. ಓಡಿಹೋಗಿ ಆರಿಸಿದೆ.

ಆಟೋದಲ್ಲಿ ಮಂಡ್ಯಕ್ಕೆ ಹೋಗುವಾಗ ಅವನ ತಲೆ ನನ್ನ ತೊಡೆಯ ಮೇಲಿತ್ತು. ಅವನು ಏನೂ ಕೇಳಿರಲಿಲ್ಲ. ನಾನಾಗಿ ಹೇಳಿದೆ: "ಮಿಕ್ಸಿ ಆಕಿದ್ದೆ ಅಣ್ಣ. ಕೇಳಿಸ್ನಿಲ್ಲ."

ಅವನು ಕಣ್ಣಿಗೆ ಒತ್ತಿಕೊಂಡಿದ್ದ ಬಟ್ಟೆ ಸರಿಮಾಡಿಕೊಂಡ. ಆಮೇಲೆ, "ಊಂ. ಮಿಕ್ಸಿ" ಎಂದ. ಉಳಿದ ಒಂದು ಕಣ್ಣಿನಲ್ಲಿ ತನ್ನ ಎದೆಯ ಮೇಲಿದ್ದ ನನ್ನ ಕೈ ನೋಡಿದ. "ಕೈ ಎಷ್ಟ್ ಬೆಳ್ಳಗಾಗವೆ ಅಮ್ಮಿ" ಎಂದ. ಹೊಗಳಿದನೋ, ಕೇಳಿದನೋ. ನಾನು ಆಟೋದ ಹೊರಗೆ ನೋಡಿದೆ.

ಕಣ್ಣು ಉಳಿಯಲಿಲ್ಲ. ಕೆರಗೋಡಿನಿಂದ ಬಸ್ಸಿನಲ್ಲಿ ಓಡಿಬಂದ ಅತ್ತಿಗೆ ಆಸ್ಪತ್ರೆಯ ವರಾಂಡದಲ್ಲೇ ನನ್ನ ರಟ್ಟೆ ಹಿಡಿದಳು. "ನೀನೆಲ್ಲಿದ್ಯೇ? ಅವ್ರು ಗುಂಡೀಲಿ ಒಬ್ರೇ ಯಾಕಿದ್ರು? ನೀನೆಲ್ಲಿದ್ದೆ ಏಳು?" ನಾನು ಬಾಯಿ ತೆರೆಯುವ ಮೊದಲೇ ಒಳಗಿನ ಹಾಸಿಗೆಯಿಂದ ಅಣ್ಣ ಹೇಳಿದ: "ಅವಳ್ನ ಯಾಕೆ ಇಡ್ಕಂಡಿಯೆ? ಮಿಕ್ಸಿ ಸದ್ದಲ್ಲಿ ಅವ್ಳಿಗೆ ಎಂಗೆ ಕೇಳಿಸ್ತದೆ? ನಂದೇ ಆತ್ರ. ಬುಡು."

ಮೇಷ್ಟ್ರು ಬಂದರು. ಹೆಂಡತಿಯನ್ನು ಆ ದಿನ ಪಕ್ಕದ ಮನೆಯವರ ಗಾಡಿಯಲ್ಲಿ ಕರೆತಂದಿದ್ದರಂತೆ. ಮಂಚದ ಪಕ್ಕ ನಿಂತು ಕನ್ನಡಕ ತೆಗೆದು ಒರೆಸಿಕೊಂಡರು. "ಹತ್ತು ಗಂಟೆಗೇ ಬೇಕು ಅಂತ ನಾನು ಹೇಳಬಾರದಾಗಿತ್ತಯ್ಯ" ಎಂದರು. ಆ ತಪ್ಪನ್ನು ಅವರು ಇಂದಿಗೂ ಹೊತ್ತುಕೊಂಡಿದ್ದಾರೆ. ಅದು ಅವರದಲ್ಲ ಎಂದು ಒಂದು ಮಾತು ಹೇಳಿ ಇಳಿಸಬಹುದಿತ್ತು. ನಾನು ಕುಡಿಯಲು ನೀರು ತಂದುಕೊಟ್ಟೆ, ಅಷ್ಟೇ.

ತಿಂಗಳ ಮೇಲೆ ಅವನು ಮನೆಗೆ ಬಂದ. ಮೇಷ್ಟ್ರ ಕಾರು ಗುಂಡಿಯ ಮೇಲೆ ಹಾಗೇ ನಿಂತಿತ್ತು. ಬೇರೆ ಕಡೆ ತೆಗೆದುಕೊಂಡು ಹೋಗಲು ಮೇಷ್ಟ್ರು ಒಪ್ಪಿರಲಿಲ್ಲ. ಅಣ್ಣ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಶೆಡ್ಡಿಗೆ ಬಂದು, ನನ್ನ ಕೈಗೆ ತನ್ನ ಸ್ಪ್ಯಾನರ್ ಕೊಟ್ಟ.

"ಇನ್ಮೇಲೆ ನೀನ್ ತಿರುಗ್ಸು. ನಾನ್ ಇಡ್ಕತೀನಿ."

"ನಂಗೆಲ್ಲಿ ಬತ್ತದೆ ಅಣ್ಣ?"

"ಒಂಬತ್ತು ವರ್ಸದಿಂದ ಏನ್ ಮಲಗಿದ್ಯಾ? ನಂಗೆ ಒಂದ್ ಕಣ್ಣಲ್ಲಿ ಅಂದಾಜ್ ಸಿಕ್ಕಾಕಿಲ್ಲ. ಇಳಿ."

ಒಂದು ಕಣ್ಣು ಹೋದವನಿಗೆ ಹತ್ತಿರ ಯಾವುದು ದೂರ ಯಾವುದು ಎಂದು ಸರಿಯಾಗಿ ತಿಳಿಯುವುದಿಲ್ಲವಂತೆ. ನಟ್ಟಿಗೆಂದು ಇಟ್ಟ ಸ್ಪ್ಯಾನರ್ ಗಾಳಿಗೆ ಬೀಳುತ್ತಿತ್ತು. ಅವನು ಎರಡು ಕೈಯಲ್ಲೂ ಎರಡನೇ ಸ್ಪ್ಯಾನರ್ ಹಿಡಿದು ನನ್ನ ಜಾಗದಲ್ಲಿ ನಿಂತ. ನಾನು ಅವನ ಜಾಗದಲ್ಲಿ ನಿಂತೆ. ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲ ಬಾಯಲ್ಲೇ ಹೇಳಿಕೊಟ್ಟ. ಬೈದ, ತಮಾಷೆ ಮಾಡಿದ, "ಲೇ ಅಮ್ಮಿ, ರೊಟ್ಟಿ ತಿರುವಾಕ್ದಂಗ್ ತಿರುವಾಕ್ಬ್ಯಾಡ ಕಣೆ" ಎಂದ. ಆ ಕಾರಿಗೆ ಹೊಸ ಫಿಲ್ಟರ್ ಹಾಕಿದ್ದು ನಾನು.

ಅದೇ ವಾರ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ: "ಗಾರ್ಮೆಂಟ್ಸ್‌ಗೆ ಓಯ್ತೀನಿ ಅಂದಿದ್ದಲ್ಲ. ಓಗು ಅಮ್ಮಿ. ನಾನ್ ಎಂಗೋ ನೋಡ್ಕತೀನಿ."

ಬಾಗಿಲು ತೆರೆದುಕೊಟ್ಟ. ತೆರೆದ ಬಾಗಿಲಿನಿಂದ ನಾನು ಹೋಗಲಾರದೆ ಹೋದೆ. ಮೊದಲು ನನ್ನನ್ನು ಆ ಗುಂಡಿಯಲ್ಲಿ ನಿಲ್ಲಿಸಿದ್ದವನು ಅವನು. ಈಗ ನಿಂತವಳು ನಾನೇ. ಎಂಟೂಕಾಲರ ಬಸ್ಸು ದಿನವೂ ಹಾರ್ನ್ ಹಾಕಿಕೊಂಡು ಹೋಗುತ್ತಿತ್ತು. ನಾನು ರಸ್ತೆಗೆ ಹೋಗುವುದನ್ನೇ ಬಿಟ್ಟೆ.

ಮಿಕ್ಸಿಯನ್ನು ಅಟ್ಟಕ್ಕೆ ಹಾಕಿದ್ದೆ. ಒಂದು ವರ್ಷದ ಮೇಲೆ ಅತ್ತಿಗೆಗೆ ಮಂಡಿ, ಭುಜ ಎಲ್ಲ ನೋವು ಬಂದು ಒರಳಿನ ಮುಂದೆ ಕೂರಲಾರದೆ, ಅವಳೇ ಅದನ್ನು ಇಳಿಸಿಕೊಂಡಳು. ನನಗೆ ಅದು ಗೊತ್ತಿರಲಿಲ್ಲ. ಗುಂಡಿಯಲ್ಲಿ ನಾನು, ಎದುರಿಗೆ ಅಣ್ಣ. ಯಾವುದೋ ಕಾರಿನ ನಟ್ಟಿಗೆ ಸ್ಪ್ಯಾನರ್ ಹಾಕಿದ್ದೆ. ಇದ್ದಕ್ಕಿದ್ದ ಹಾಗೆ ಹಳದಿ ಬಲ್ಬು ಕುಗ್ಗಿ ಕೆಂಪಗಾಯಿತು.

"ನಿಲ್ಸು" ಎಂದ ಅಣ್ಣ. "ನಿಮ್ಮತ್ತಿಗೆ ಮಿಕ್ಸಿ ಆಕವ್ಳೆ. ಬೆಳಕು ಬರ್ಲಿ."

"ಮಿಕ್ಸಿ ಅಂತ ನಿಂಗೆಂಗೆ ಗೊತ್ತು? ಸದ್ದೇ ಕೇಳಿಸ್ತಿಲ್ವಲ್ಲ."

"ಸದ್ದ್ ಯಾಕೆ? ಎರಡೂ ಒಂದೇ ವೈರು. ಅದು ತಿರುಗುದ್ರೆ ಇದು ಕುಗ್ತದೆ. ಬಂದ್ ದಿನದಿಂದ್ಲೂ ಇಂಗೇಯ."

ಅವನು ಮಾಮೂಲಿನಂತೆ ಹೇಳಿದ. ಅವನ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಮಿಕ್ಸಿ ಹಾಕುತ್ತಿದ್ದವಳು ನಾನೊಬ್ಬಳೇ ಆಗಿದ್ದರಿಂದ, ನಾನು ಅಡುಗೆಮನೆಯಲ್ಲಿದ್ದಾಗಲೇ ಬಲ್ಬು ಕುಗ್ಗಬೇಕು. ನಾನು ಅದನ್ನು ಎಂದೂ ನೋಡಿರಲಿಲ್ಲ. ಅವನು ನೋಡಿದ್ದ. ಆ ಗುರುವಾರ ಅವನು ಎರಡು ಸಲ ಬಡಿದು ಸೌಟಿನ ಸದ್ದಿಗೆ ಕಾದಾಗ, ಬಂದದ್ದು ಈ ಕೆಂಪು ಬೆಳಕು. ಮತ್ತೆ ಬೆಳಗಿತು. ಮತ್ತೆ ಬಡಿದ, ಮತ್ತೆ ಕುಗ್ಗಿತು. ಮೂರನೇ ಸಲ ಮೆತ್ತಗೆ ಬಡಿದದ್ದು ಯಾಕೆ ಎಂದು ಆಗ ನನಗೆ ತಿಳಿಯಿತು. ನನಗೆ ಕೇಳಿಸುತ್ತಿದೆ ಎಂದು ಅವನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಗೊತ್ತಿದ್ದೂ ಆಟೋದಲ್ಲಿ ಊಂ ಎಂದ. ಗೊತ್ತಿದ್ದೂ ಅತ್ತಿಗೆಯ ಕೈಯಿಂದ ನನ್ನನ್ನು ಬಿಡಿಸಿದ.

ಬಲ್ಬು ಮತ್ತೆ ಹಳದಿಯಾಯಿತು. ಅವನು ತಿರುಗಿಸು ಎನ್ನಲಿಲ್ಲ. ಸುಮ್ಮನೆ ಸ್ಪ್ಯಾನರ್ ಹಿಡಿದು ನಿಂತಿದ್ದ. ಆ ಹೊತ್ತಿನಲ್ಲಿ ನಾನು ಹೇಳಬೇಕಿತ್ತು.  ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ, ಮೇಲೆ ನೋಡೋಣವೆಂದರೆ ಕಾರು. ನಾನು ನಟ್ಟು ನೋಡಿದೆ. ಕೊನೆಗೆ ಅವನೇ, "ತಿರುಗ್ಸು ಅಮ್ಮಿ" ಎಂದ. ತಿರುಗಿಸಿದೆ. ಕಿರ್ ಎಂದಿತು. ಅವನು ಇದ್ದ ಒಂದು ಕಣ್ಣು ಮುಚ್ಚಿಕೊಂಡ.

ಆಮೇಲೂ ನಾಲ್ಕು ವರ್ಷ ಇದ್ದ. ಪ್ರತಿದಿನವೂ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಸಕ್ಕರೆ ಕಾಯಿಲೆ ಅವನನ್ನು ಒಳಗಿನಿಂದ ತಿಂದಿತು. ಹೋದ ವರ್ಷ ಕಾಲು ಊದಿಕೊಂಡು ನಡೆಯಲಾರದೆ ಮಲಗಿದ. ಮಂಚವನ್ನು ಅಡುಗೆಮನೆಯಲ್ಲೇ ಹಾಕಿ ಎಂದು ಹಟ ಮಾಡಿದ. ಅಲ್ಲಿ ಪೈಪು ಅವನ ತಲೆದೆಸೆಯಲ್ಲೇ ಹಾದುಹೋಗಿತ್ತು. ಸೌಟನ್ನು ಪಕ್ಕದಲ್ಲಿಟ್ಟುಕೊಂಡ. ನಾನು ಗುಂಡಿಯಿಂದ ಎರಡು ಸಲ ಬಡಿದರೆ, ಅವನು ಮಲಗಿದಲ್ಲಿಂದಲೇ ಒಂದು ಸಲ ಬಡಿಯುತ್ತಿದ್ದ. "ಬರಾಕಾಗಾಕಿಲ್ಲ. ಆದ್ರೂ ಕೇಳುಸ್ತು ಅಂತ ತಿಳೀಬೇಕಲ್ಲ ನಿಂಗೆ" ಎಂದಿದ್ದ. ಅತ್ತಿಗೆ ಬಂದು ಎರಡನೇ ಸ್ಪ್ಯಾನರ್ ಹಿಡಿಯುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತಿಗೆ ರೇಷನ್ ತರಲು ಹೋಗಿದ್ದಳು. ಕೆಲಸಕ್ಕೆಂದು ಅಲ್ಲ, ಅವನು ಎದ್ದಿದ್ದಾನೋ ಎಂದು ತಿಳಿಯಲು ಗುಂಡಿಯಿಂದ ಬಡಿದೆ. ಟಣ್, ಟಣ್. ಉತ್ತರ ಬರಲಿಲ್ಲ. ನಿದ್ದೆ ಇರಬೇಕು ಎಂದುಕೊಂಡೆ. ಸ್ವಲ್ಪ ಬಿಟ್ಟು ಮತ್ತೆ ಬಡಿದೆ. ಬಲ್ಬು ನೋಡಿದೆ. ಅದು ಕುಗ್ಗಲೂ ಇಲ್ಲ, ಸುಮ್ಮನೆ ಉರಿಯುತ್ತಿತ್ತು. ಮೂರನೇ ಸಲ ನನ್ನ ಕೈಯೂ ಮೆತ್ತಗೆ ಬಡಿಯಿತು. ಬಡಿದವರು ಆ ಗುಂಡಿಯೊಳಗೆ ಹೇಗೆ ನಿಂತಿರುತ್ತಾರೆ ಎಂದು ಅವತ್ತು ನನಗೆ ಗೊತ್ತಾಯಿತು.

ಗುಂಡಿ ಹತ್ತಿ ಒಳಗೆ ಓಡುವ ಹೊತ್ತಿಗೆ ಅವನು ಹೋಗಿದ್ದ. ಸೌಟು ಆ ಮೂರು ಬೆರಳಿನ ನಡುವೆ ಇತ್ತು.

ಶೆಡ್ಡು ಈಗ ನನ್ನದು. ಮೇಷ್ಟ್ರು ಕಾರನ್ನು ನನ್ನ ಹತ್ತಿರವೇ ತರುತ್ತಾರೆ. ಎರಡು ಸಲ ಬಡಿದರೆ ಅತ್ತಿಗೆ ಸೌಟು ಬಡಿದು, ಸೆರಗು ಸಿಕ್ಕಿಸಿಕೊಂಡು, ಮಂಡಿ ಹಿಡಿದುಕೊಂಡು ಗುಂಡಿಗೆ ಇಳಿಯುತ್ತಾಳೆ. ಅವಳ ಕೈ ಅಲುಗುತ್ತದೆ. ನಾನು ಇನ್ನಷ್ಟು ನಿಧಾನಕ್ಕೆ ತಿರುಗಿಸುತ್ತೇನೆ. ಅವಳಿಗೆ ಈಗಲೂ ಗೊತ್ತಿರುವುದು ಮಿಕ್ಸಿ ಸದ್ದಿನ ಕಥೆ ಮಾತ್ರ. ಅವಳಿಗೆ ಓದು ಬರುವುದಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು ನಾನೇ ಓದಿ ಹೇಳಬೇಕು.